ಮುದ್ದೆ ನುಂಗುವ ದಿನದವರೆಗೆ: ಚಿತ್ರದುರ್ಗ ಸೀಮೆಯಲ್ಲಿ ಬಾಯಿ-ಗಂಟಲು ಕ್ಯಾನ್ಸರ್ ಚಿಕಿತ್ಸೆಯ ನಂತರದ ಚೇತರಿಕೆ

ಬಾಯಿ, ನಾಲಿಗೆ, ಗಂಟಲು, ಧ್ವನಿಪೆಟ್ಟಿಗೆಗಳ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ಆರೇಳು ವಾರ ನಡೆಯುತ್ತದೆ. ಅದಕ್ಕಾಗಿ ಮದಕರಿಪುರ, ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಕಡೆಯಿಂದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹೋಗಿಬಂದವರಿದ್ದಾರೆ. ಚಿಕಿತ್ಸೆ ಮುಗಿಸಿ ದುರ್ಗದ ಬಸ್ಸು ಹತ್ತುವ ಹೊತ್ತಿಗೆ ರೋಗಿಯ ನೋವು ತಗ್ಗಿರುವುದಿಲ್ಲ; ವಿಕಿರಣದ ಉರಿ ಕೊನೆಯ ದಿನ ಕಳೆದ ಮೇಲೂ ಒಂದೆರಡು ವಾರ ಏರುತ್ತಲೇ ಇರುತ್ತದೆ. ಅಂದರೆ ಅತಿ ಕಷ್ಟದ ದಿನಗಳು ಬರುವುದು ವೈದ್ಯರಿಂದ ಸುಮಾರು ಇನ್ನೂರು ಕಿಲೋಮೀಟರ್ ದೂರದಲ್ಲಿ, ಮನೆಯಲ್ಲಿ. ಚೇತರಿಕೆಯನ್ನು ಅಳೆಯುವ ಕ್ರಮವೂ ಆರೈಕೆಯ ಏರ್ಪಾಡೂ ಈ ಮನೆಯ ಬದುಕನ್ನು ಅರಿತಿರಬೇಕು ಎಂಬುದು ಪ್ರಸ್ತುತ ಲೇಖನದ ವಾದ.

ಊಟದಿಂದಲೇ ಆರಂಭಿಸೋಣ. ಯುರೋಪಿನಲ್ಲಿ ರೂಪುಗೊಂಡು ಅನೇಕ ದೇಶಗಳಲ್ಲಿ ಬಳಕೆಯಲ್ಲಿರುವ, ಕ್ಯಾನ್ಸರ್ ರೋಗಿಗಳ ಬದುಕಿನ ಗುಣಮಟ್ಟ ಅಳೆಯುವ ಇಒಆರ್‌ಟಿಸಿ ಪ್ರಶ್ನಾವಳಿಗೆ ತಲೆ-ಕುತ್ತಿಗೆಯ ಕ್ಯಾನ್ಸರಿಗೆಂದೇ 35 ಪ್ರಶ್ನೆಗಳ ಭಾಗವೊಂದಿದೆ. ದ್ರವ ನುಂಗಲು ಕಷ್ಟವೇ, ಅರೆದ ಆಹಾರ ಇಳಿಯುತ್ತದೆಯೇ, ಗಟ್ಟಿ ಪದಾರ್ಥ ಸಾಧ್ಯವೇ, ಮನೆಯವರ ಎದುರು ಕೂತು ಉಣ್ಣಲು ಮುಜುಗರವೇ ಎಂದು ಅದು ವಿಚಾರಿಸುತ್ತದೆ. ಒಳ್ಳೆಯ ಪ್ರಶ್ನೆಗಳೇ. ಆದರೆ ರಾಗಿ ಮುದ್ದೆ ಈ ಯಾವ ವರ್ಗಕ್ಕೂ ಸರಿಯಾಗಿ ಸೇರುವುದಿಲ್ಲ. ಕೈಗೆ ಅದು ಮೆದು. ಅಗಿಯದೆ ತುತ್ತನ್ನು ಇಡಿಯಾಗಿ ನುಂಗುವುದರಿಂದ ಗಂಟಲಿಗೆ ಅದು ಎಲ್ಲಕ್ಕಿಂತ ಬಿರುಸಿನ ಕೆಲಸ. ಸಾರಿನಲ್ಲಿ ಅದ್ದಿದ ತುತ್ತು ಜಾರಬೇಕಾದರೆ ನಾಲಿಗೆಯ ಬುಡ ಹಿಂದಕ್ಕೆ ತಳ್ಳಬೇಕು, ಜೊಲ್ಲು ಸಾಕಷ್ಟಿರಬೇಕು, ಶ್ವಾಸನಾಳದ ಬಾಗಿಲು ಸಕಾಲಕ್ಕೆ ಮುಚ್ಚಬೇಕು. ವಿಕಿರಣ ಜೊಲ್ಲುಗ್ರಂಥಿಗಳನ್ನು ಒಣಗಿಸುತ್ತದೆ, ನುಂಗುವ ಸ್ನಾಯುಗಳನ್ನು ಬಿಗಿಯಾಗಿಸುತ್ತದೆ. ಹಾಗಾಗಿ ಮೆತ್ತಗೆ ಬೆಂದ ಹಾಲನ್ನ ಉಣ್ಣಬಲ್ಲವರಿಗೂ ಮುದ್ದೆ ಗಂಟಲಲ್ಲಿ ನಿಲ್ಲುತ್ತದೆ, ಕೆಮ್ಮು ಒತ್ತರಿಸಿ ಬರುತ್ತದೆ. ಕಾಗದದ ಮೇಲೆ ಅವರು ‘ಸುಧಾರಿಸಿದ್ದಾರೆ’. ಮುದ್ದೆ ಉಂಡರಷ್ಟೇ ಊಟ ಎನ್ನುವ ಮನೆಯಲ್ಲಿ ಅವರಿನ್ನೂ ಕಾಯಿಲೆಯವರು. ಈ ಅಂತರವನ್ನು ನಾನು ಸಣ್ಣದೆಂದು ಭಾವಿಸುವುದಿಲ್ಲ. ತೆಳ್ಳನೆಯ ಅಂಬಲಿಯಿಂದ ಗಂಜಿಗೆ, ಗಂಜಿಯಿಂದ ಮೆತ್ತನೆಯ ಅನ್ನಕ್ಕೆ, ಕೊನೆಗೆ ಬೆರಳ ತುದಿಯಷ್ಟು ಮುದ್ದೆಗೆ ಬರುವ ದಾರಿಯನ್ನು ನುಂಗುವಿಕೆಯ ತಜ್ಞರ ಕಣ್ಣಳತೆಯಲ್ಲೇ ಹಾಕಿಕೊಳ್ಳಬೇಕು. ಅವಸರಪಟ್ಟರೆ ಅನ್ನ ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ. ಮೂಗಿನಲ್ಲಿ ಆಹಾರದ ಪೈಪು ಇದ್ದಾಗಲೂ, ವೈದ್ಯರು ಬೇಡವೆನ್ನದಿದ್ದರೆ, ನುಂಗುವ ಅಭ್ಯಾಸ ಬಿಡಬಾರದು. ಬಳಸದ ಸ್ನಾಯು ಮರಗಟ್ಟುತ್ತದೆ.

ವಿಕಿರಣ ದವಡೆಯನ್ನೂ ಬಿಗಿಯಾಗಿಸುವುದರಿಂದ ಬಾಯಿ ತೆರೆಯುವ ವ್ಯಾಯಾಮವೂ ಬೇಕು. ಅದರ ಸಲಕರಣೆ ಬಲು ಸರಳ: ಐಸ್‌ಕ್ರೀಮ್ ಕಡ್ಡಿಗಳು. ಮೇಲಿನ-ಕೆಳಗಿನ ಹಲ್ಲುಗಳ ನಡುವೆ ಹಿಡಿಸುವಷ್ಟು ಕಡ್ಡಿಗಳನ್ನು ಒಟ್ಟಾಗಿ ಇಟ್ಟುಕೊಂಡು ತುಸು ಹೊತ್ತು ತಡೆಯುವುದು, ದಿನಕ್ಕೆ ಹಲವು ಬಾರಿ. ಬಿಗಿತ ಸಡಿಲವಾದಂತೆ ನಡುವೆ ಇನ್ನೊಂದು ಕಡ್ಡಿ ತೂರಿಸುವುದು. ಬಾಯಿ 35 ಮಿಲಿಮೀಟರಿಗಿಂತ ಕಡಿಮೆ ತೆರೆದರೆ ಅದನ್ನು ದವಡೆ ಬಿಗಿತವೆಂದು ವೈದ್ಯರು ಎಣಿಸುತ್ತಾರೆ. ವಿಕಿರಣದ ನಂತರದ ಮೊದಲ ತಿಂಗಳುಗಳಲ್ಲಿ ಈ ವ್ಯಾಯಾಮ ಬಿಟ್ಟವರಿಗೆ ಮತ್ತೆ ಆ ಅಳತೆ ಗಳಿಸುವುದು ಬಹಳ ಕಷ್ಟ. ಅಡಿಕೆ ಜಗಿದು ಬಾಯಿಯ ಒಳಪದರ ಮೊದಲೇ ನಾರುಗಟ್ಟಿದ್ದರೆ ತೊಂದರೆ ಇಮ್ಮಡಿ.

ಅಡಿಕೆಯ ಮಾತು ಈ ಸೀಮೆಯಲ್ಲಿ ಎತ್ತಲು ಧೈರ್ಯ ಬೇಕು. ಹೊಳಲ್ಕೆರೆ, ಹೊಸದುರ್ಗಗಳ ಎಷ್ಟೋ ಸಂಸಾರಗಳನ್ನು ಸಾಕಿರುವುದು ತೋಟ. ಭೀಮಸಮುದ್ರದ ಹೆಸರು ಅಡಿಕೆ ವ್ಯಾಪಾರದಿಂದಲೇ ಹಬ್ಬಿದ್ದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ತಂಬಾಕು ಬೆರೆಸದ ಅಡಿಕೆಯೂ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಂದು 2004ರಲ್ಲಿ ಪ್ರಕಟಿಸಿತು. ಗುಟ್ಕಾವನ್ನು ಕರ್ನಾಟಕ 2013ರಲ್ಲಿ ನಿಷೇಧಿಸಿತು. ಗುಣವಾಗಿ ಬಂದವರ ಕಣ್ಣೆದುರಿಗೆ ಅಂಗಳದಲ್ಲಿ ಅಡಿಕೆ ಒಣಗುತ್ತಿರುತ್ತದೆ, ಮದುವೆ ಮನೆಯಲ್ಲಿ ಎಲೆ-ಅಡಿಕೆಯ ತಟ್ಟೆ ಮುಂದೆ ಬರುತ್ತದೆ. ಬೇಡವೆಂದರೆ ಮರ್ಯಾದೆಯ ಪ್ರಶ್ನೆ, ತೆಗೆದುಕೊಂಡರೆ ಪ್ರಾಣದ ಪ್ರಶ್ನೆ. ಇದರ ಜೊತೆಗೆ ‘ಮಾಡಿದ್ದುಣ್ಣೋ ಮಹರಾಯ’ ಎಂಬ ಚುಚ್ಚುಮಾತು. ಅಪ್ಪ-ಅಮ್ಮ ಜಗಿದದ್ದನ್ನೇ, ಊರು ಕೈಗಿತ್ತದ್ದನ್ನೇ ಜಗಿದವರ ಮೇಲೆ ಪೂರ್ತಿ ತಪ್ಪು ಹೊರಿಸುವುದು ಅನ್ಯಾಯ. ಆ ಮಾತಿಗೆ ಹೆದರಿದವರು ಮೊದಲು ಬಿಡುವುದು ಸಭೆ-ಸಮಾರಂಭ, ಆಮೇಲೆ ಪಂಕ್ತಿಯೂಟ, ಕೊನೆಗೆ ಜಗಲಿ.

ದೇಹ ಮತ್ತು ಮನಸ್ಸಿನ ಕಷ್ಟಗಳು ಇಲ್ಲಿ ಒಂದರೊಳಗೊಂದು ಹೆಣೆದುಕೊಂಡಿವೆ. ಕುತ್ತಿಗೆಗೆ ವಿಕಿರಣ ಪಡೆದ ಅನೇಕರಲ್ಲಿ ಥೈರಾಯ್ಡ್ ಗ್ರಂಥಿ ತಿಂಗಳುಗಳ, ವರ್ಷಗಳ ನಂತರ ಮಂದವಾಗುತ್ತದೆ. ಸುಸ್ತು, ನಿರುತ್ಸಾಹ, ಯಾರೊಂದಿಗೂ ಮಾತು ಬೇಡವೆನ್ನಿಸುವುದು ಅದರ ಲಕ್ಷಣವೂ ಹೌದು, ಖಿನ್ನತೆಯ ಲಕ್ಷಣವೂ ಹೌದು. ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಟಿಎಸ್‌ಎಚ್ ರಕ್ತಪರೀಕ್ಷೆ ಮಾಡಿಸದೆ ‘ಮನಸ್ಸು ಗಟ್ಟಿ ಮಾಡ್ಕೊಳ್ಳಿ’ ಎನ್ನುವುದರಿಂದ ಪ್ರಯೋಜನವಿಲ್ಲ. ಕುತ್ತಿಗೆಯ ಗಂಟುಗಳನ್ನು ತೆಗೆಯುವಾಗ ಭುಜದ ನರಕ್ಕೆ ಪೆಟ್ಟಾದರೆ ತೋಳು ಮೇಲೇಳುವುದಿಲ್ಲ. ಗಂಡಸಿಗೆ ಹೊರೆ ಎತ್ತಲಾಗದು, ಹೆಂಗಸಿಗೆ ತನ್ನ ಜಡೆ ತಾನು ಹಾಕಿಕೊಳ್ಳಲಾಗದು. ಹಲ್ಲಿನದು ಬೇರೆಯೇ ಎಚ್ಚರ: ವಿಕಿರಣ ಬಿದ್ದ ದವಡೆಯಿಂದ ಹಲ್ಲು ಕೀಳಿಸಿದರೆ ಮೂಳೆ ಕೊಳೆಯುವ ಅಪಾಯ ಜೀವಮಾನವಿಡೀ ಇರುತ್ತದೆ. ಕೊಳವೆಬಾವಿ ನೀರಿನ ಫ್ಲೋರೈಡಿನಿಂದ ನೊಂದ ಈ ಜಿಲ್ಲೆಯಲ್ಲಿ, ಹುಳುಕು ತಡೆಯಲು ಬರೆದುಕೊಡುವ ಫ್ಲೋರೈಡ್ ಜೆಲ್ ಎಂದರೆ ಜನ ಹಿಂಜರಿಯಬಹುದು. ಅದು ಹಲ್ಲಿಗೆ ಹಚ್ಚಿ ಉಗುಳುವ ಔಷಧಿ, ಕುಡಿಯುವ ನೀರಿನ ಮಾತೇ ಬೇರೆ ಎಂದು ಬಿಡಿಸಿ ಹೇಳಬೇಕು.

ಧ್ವನಿಪೆಟ್ಟಿಗೆ ಕಳೆದುಕೊಂಡವರಿಗೆ ಬೆಂಗಳೂರಿನ ಶಸ್ತ್ರವೈದ್ಯ ಡಾ. ವಿಶಾಲ್ ರಾವ್ ಅವರು ಉದ್ಯಮಿ ಗೆಳೆಯ ಶಶಾಂಕ್ ಮಹೇಶ್ ಜೊತೆ ರೂಪಿಸಿದ ‘ಓಂ’ ಧ್ವನಿಸಾಧನ ದೊಡ್ಡ ಭರವಸೆ. ಸಾವಿರಾರು ರೂಪಾಯಿಯ ವಿದೇಶಿ ಸಾಧನ ಮಾಡುವ ಕೆಲಸವನ್ನು ಸುಮಾರು 50 ರೂಪಾಯಿಯಲ್ಲಿ ಮಾಡಬಲ್ಲದೆಂದು ಅವರು ತೋರಿಸಿದರು. ಬಡವನ ಮಾತಿಗೂ ಬೆಲೆಯಿದೆ ಎಂದು ನಂಬಿದ ಕೆಲಸವಿದು.

ತಲೆ-ಕುತ್ತಿಗೆ ಕ್ಯಾನ್ಸರಿನಿಂದ ಉಳಿದವರಲ್ಲಿ ಆತ್ಮಹತ್ಯೆಯ ಸಂಭವ ಬೇರೆ ಕ್ಯಾನ್ಸರಿನಿಂದ ಉಳಿದವರಿಗಿಂತ ಸುಮಾರು ಎರಡು ಪಟ್ಟು ಎಂದು ಅಮೆರಿಕದ ದಾಖಲೆಗಳನ್ನು ಆಧರಿಸಿದ 2018ರ ಅಧ್ಯಯನ ಕಂಡುಕೊಂಡಿದೆ. ಇಂಥ ಮನಸ್ಸಿನ ಸಂಕಟಕ್ಕೆ ನಮ್ಮ ನೆರೆಯಲ್ಲೇ ಒಂದು ದಾರಿ ಹಿಂದೆಯೇ ತೆರೆದಿತ್ತು. 1980ರ ದಶಕದಲ್ಲಿ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಸಿಬ್ಬಂದಿಗೂ ತರಬೇತಿ ಕೊಟ್ಟು, ಮಾನಸಿಕ ಆರೈಕೆಯನ್ನು ಊರ ಬಾಗಿಲಿಗೆ ತಂದಿತು. ಆ ‘ಬಳ್ಳಾರಿ ಮಾದರಿ’ಯೇ ಮುಂದೆ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅಡಿಪಾಯವಾಯಿತು. ಮನೋರೋಗಕ್ಕೆ ಸಾಧ್ಯವಾದದ್ದು ಕ್ಯಾನ್ಸರಿನ ನಂತರದ ಆರೈಕೆಗೂ ಸಾಧ್ಯ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ತಾಲ್ಲೂಕು ಆಸ್ಪತ್ರೆಗಳಲ್ಲಿ ತಿಂಗಳಿಗೊಂದು ದಿನ ಬಾಯಿ ಎಷ್ಟು ತೆರೆಯುತ್ತದೆ, ತೂಕ ಎಷ್ಟಿದೆ, ಮುದ್ದೆ ಇಳಿಯುತ್ತದೆಯೇ, ನಿದ್ದೆ ಬರುತ್ತದೆಯೇ ಎಂದು ವಿಚಾರಿಸುವ ಏರ್ಪಾಡನ್ನು ಜಿಲ್ಲಾ ಆರೋಗ್ಯ ಇಲಾಖೆ ಮಾಡಬೇಕು. ಅದು ಆಗುವವರೆಗೆ, ಇಂಥವರು ಮನೆಯಲ್ಲಿರುವ ಓದುಗರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ ಸಂಖ್ಯೆ 14416 ಅನ್ನು ಬರೆದಿಟ್ಟುಕೊಳ್ಳಿ. ಕರೆ ಉಚಿತ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು.