ಆರ್ಲ್ಸ್: ತೊಟ್ಟಿಲ ಮಗುವಿಗೂ ಸಂಚಕಾರ

ದನದ ಜಾತ್ರೆಯಲ್ಲಿ ಎತ್ತಿನ ವ್ಯಾಪಾರ ಕುದುರಿದರೆ ಕೊಳ್ಳುವವರು ಮಾರುವವರ ಕೈಗೆ ಒಂದಿಷ್ಟು ದುಡ್ಡು ಇಡುತ್ತಾರೆ. ಬಾಕಿ ಆಮೇಲೆ. ಆ ದುಡ್ಡು ಹಿಡಿದ ಮೇಲೆ ಎತ್ತನ್ನು ಬೇರೆಯವರಿಗೆ ಕೊಡುವಂತಿಲ್ಲ. ಹಿರಿಯರು ಇದನ್ನು ಸಂಚಕಾರ ಎನ್ನುತ್ತಿದ್ದರು, ಈಗ ಎಲ್ಲರ ಬಾಯಲ್ಲೂ ಅಡ್ವಾನ್ಸ್. ಸ್ಕಾಟ್ಲೆಂಡಿನ ಹಳ್ಳಿಗರು ಇಂಥ ದುಡ್ಡಿಗೆ ‘ಆರ್ಲ್ಸ್’ ಅನ್ನುತ್ತಿದ್ದರು. ಅಲ್ಲಿ ಅದು ಎತ್ತಿಗಷ್ಟೇ ಅಲ್ಲ, ಆಳಿಗೂ ಕೊಡುವ ದುಡ್ಡು.

ಇದು ಇಂಗ್ಲಿಷಿನ ದಾಯಾದಿ ಭಾಷೆಯಾದ ಸ್ಕಾಟ್ಸ್‌ನ ಪದ. ಮೂಲ ಲ್ಯಾಟಿನ್ನಿನ ‘ಅರ್ರಾ’. ಅದಕ್ಕೂ ಮೊದಲು ಗ್ರೀಕರ ‘ಅರ್ರಬೋನ್’. ಗ್ರೀಕರಿಗೆ ಇದು ಪಶ್ಚಿಮ ಏಷ್ಯಾದ ಭಾಷೆಗಳಿಂದ ಬಂತು. ಸರಕಿನ ಜೊತೆ ಪದವೂ ಊರೂರು ತಿರುಗಿದೆ.

19ನೇ ಶತಮಾನದಲ್ಲಿ ಅಬರ್ಡೀನ್‌ಶೈರ್ ಕಡೆ ಮೇ ಮತ್ತು ನವೆಂಬರ್ ಹೊತ್ತಿಗೆ ಆಳುಗಳ ಸಂತೆ ನಡೆಯುತ್ತಿತ್ತು. ಮದುವೆಯಾಗದ ಹುಡುಗರು ಪೇಟೆಯಲ್ಲಿ ನಿಂತಿರುತ್ತಿದ್ದರು. ಸಾಹುಕಾರ ರೈತ ಬಂದು ಆರು ತಿಂಗಳ ಸಂಬಳಕ್ಕೆ ಚೌಕಾಸಿ ಮಾಡುತ್ತಿದ್ದ. ಒಪ್ಪಿದರೆ ಅಂಗೈಗೆ ಒಂದು ಶಿಲ್ಲಿಂಗ್. ಕಾಗದವಿಲ್ಲ, ಸಹಿಯಿಲ್ಲ. ಸಂಬಳ ಬರುವುದು ಆರು ತಿಂಗಳು ದುಡಿದ ಮೇಲೆ. ಆ ಶಿಲ್ಲಿಂಗ್ ಅದೇ ಸಂಜೆ ಹೆಂಡದಂಗಡಿ ಸೇರುವುದೂ ಇತ್ತು, ಹುಡುಗರಲ್ಲವೇ! ಆದರೆ ಕರಾರು ಮುರಿದ ಆಳು 1875ರವರೆಗೂ ಜೈಲು ಕಾಣಬಹುದಿತ್ತು. ಧಣಿ ಮಾತು ತಪ್ಪಿದರೆ ಅದು ಬರೀ ಸಿವಿಲ್ ವ್ಯಾಜ್ಯ.

ಇದು ಹೊಲದ ಕತೆ. ಕಲ್ಲಿದ್ದಲು ಗಣಿಯ ಕತೆ ಇನ್ನೂ ಹಳೆಯದು, ಇನ್ನೂ ಕೆಟ್ಟದ್ದು.

1606ರಲ್ಲಿ ಸ್ಕಾಟ್ಲೆಂಡ್ ಸಂಸತ್ತು ಒಂದು ಕಾಯ್ದೆ ತಂದಿತು. ಕಲ್ಲಿದ್ದಲು ಅಗೆಯುವವರನ್ನು, ಸಮುದ್ರದ ನೀರು ಕಾಯಿಸಿ ಉಪ್ಪು ತೆಗೆಯುವವರನ್ನು ಹಳೆಯ ಧಣಿಯ ಪತ್ರವಿಲ್ಲದೆ ಯಾರೂ ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ. ಬಿಟ್ಟುಹೋದವನನ್ನು ಒಂದು ವರ್ಷ ಒಂದು ದಿನದೊಳಗೆ ವಾಪಸ್ ಕೇಳುವ ಹಕ್ಕು ಧಣಿಗಿತ್ತು. ಮುಂಗಡ ಪಡೆದು ಓಡಿಹೋದವನನ್ನು ಆ ಕಾಯ್ದೆ ಕಳ್ಳ ಎಂದೇ ಎಣಿಸಿತು. ಅವನು ಕದ್ದ ಮಾಲಾದರೂ ಯಾವುದು? ತನ್ನದೇ ಮೈ.

ಮಕ್ಕಳನ್ನು ಕಟ್ಟಿಹಾಕುವ ಮಾತು ಆ ಕಾಯ್ದೆಯಲ್ಲಿ ಇರಲಿಲ್ಲ. ಆ ಕೆಲಸವನ್ನು ಆರ್ಲ್ಸ್ ಮಾಡಿತು. ಗಣಿಯವನ ಮನೆಯಲ್ಲಿ ಮಗು ಹುಟ್ಟಿ ಚರ್ಚಿನಲ್ಲಿ ಹೆಸರಿಡುವಾಗ ಗಣಿ ಮಾಲೀಕ ಅಪ್ಪ ಅಮ್ಮನಿಗೆ ಒಂದು ಕಾಣಿಕೆ ಕೊಡುತ್ತಿದ್ದ. ಅವರು ತೆಗೆದುಕೊಂಡರೆ ಆ ಕೂಸು ದೊಡ್ಡದಾಗಿ ಅದೇ ಗಣಿಯಲ್ಲಿ ದುಡಿಯಬೇಕು ಎಂದು ಲೆಕ್ಕ. ಬೇಡ ಅನ್ನುವ ತಾಕತ್ತು ಎಷ್ಟು ಜನರಿಗಿದ್ದೀತು? ಅಪ್ಪ ಅಗೆದದ್ದನ್ನು ಹೆಂಡತಿ, ಹೆಣ್ಣುಮಕ್ಕಳು ಬೆನ್ನ ಮೇಲೆ ಹೊತ್ತು ಮೇಲೆ ತರುತ್ತಿದ್ದರು. ಗಣಿ ಮಾರಾಟವಾದರೆ ಜನವೂ ಅದರ ಜೊತೆಗೇ ಹೊಸ ಮಾಲೀಕನಿಗೆ. ವಿಚಾರಣೆಯಿಲ್ಲದೆ ಯಾರನ್ನೂ ಸೆರೆಯಲ್ಲಿ ಇಟ್ಟಿರಬಾರದೆಂದು 1701ರಲ್ಲಿ ಬಂದ ಕಾನೂನು ಕೂಡ ಇವರಿಗೆ ಅನ್ವಯಿಸಲಿಲ್ಲ. ಗಣಿ ಮತ್ತು ಉಪ್ಪಿನವರನ್ನು ಅದು ಹೊರಗಿಟ್ಟಿತು.

‘ಪ್ರಾಣಕ್ಕೆ ಸಂಚಕಾರ’ ಎಂದು ಅಪಘಾತದ ಸುದ್ದಿಗೆ ನಾನೇ ಎಷ್ಟು ಸಲ ತಲೆಬರಹ ಕೊಟ್ಟಿದ್ದೇನೋ. ಮುಂಗಡದ ಪದ ನಮ್ಮಲ್ಲಿ ಅಪಾಯದ ಪದವಾದದ್ದು ಯಾಕೆಂದು ಒಮ್ಮೆಯೂ ಯೋಚಿಸಿರಲಿಲ್ಲ. ಈ ಗಣಿಯ ಕೂಸುಗಳ ಬಗ್ಗೆ ಓದಿದ ಮೇಲೆ ಆ ತಲೆಬರಹ ಬರೆಯಲು ಕೈ ತಡೆಯುತ್ತದೆ.

1775ರ ಕಾಯ್ದೆ ಬಿಡುಗಡೆಗೆ ಬಾಗಿಲು ತೆರೆಯಿತು, ಅದೂ ಅರ್ಧ. ಹೊಸದಾಗಿ ಸೇರುವವರು ಸ್ವತಂತ್ರರು. ಆಗಲೇ ಕಟ್ಟುಬಿದ್ದವರು ವಯಸ್ಸಿಗೆ ತಕ್ಕಂತೆ ಇನ್ನಷ್ಟು ವರ್ಷ ದುಡಿದು, ಕೋರ್ಟಿಗೆ ಅರ್ಜಿ ಹಾಕಿ ಹೊರಬರಬೇಕಿತ್ತು. ಮಾಲೀಕನ ಸಾಲ ತಲೆಯ ಮೇಲಿದ್ದವರು ಕೋರ್ಟಿನ ಮೆಟ್ಟಿಲು ಹತ್ತುವುದು ಹೇಗೆ? ಬಹಳ ಜನ ಗಣಿಯಲ್ಲೇ ಉಳಿದರು. ಕೊನೆಗೆ 1799ರ ಇನ್ನೊಂದು ಕಾಯ್ದೆ ಯಾವ ಅರ್ಜಿಯೂ ಬೇಡವೆಂದು ಎಲ್ಲರನ್ನೂ ಬಿಡಿಸಿತು.

ಆಳುಗಳ ಸಂತೆ ಮಾತ್ರ 20ನೇ ಶತಮಾನದವರೆಗೂ ನಡೆಯಿತು, ಅಂಗೈಗೆ ಶಿಲ್ಲಿಂಗ್ ಇಡುವ ರೂಢಿಯೂ ಜೊತೆಗೇ ಬಂತು. ಈಗ ಆರ್ಲ್ಸ್ ಎಂಬ ಮಾತು ಸ್ಕಾಟ್ಸ್ ನಿಘಂಟಿನಲ್ಲಿದೆ.