ಶಾರ್ಲಿ ಎಬ್ದೊ ದಾಳಿ: ಮೃತರ ಎಣಿಕೆ ಮತ್ತು ಕಚೇರಿಯ ವಿಳಾಸ

1. ಪ್ಯಾರಿಸ್ಸಿನ ವಿಡಂಬನಾ ವಾರಪತ್ರಿಕೆ 'ಶಾರ್ಲಿ ಎಬ್ದೊ' ಮೇಲಿನ ದಾಳಿಯಲ್ಲಿ (7 ಜನವರಿ 2015) ಸತ್ತವರ ಸಂಖ್ಯೆ 12, 17, 20 ಎಂದು ಬೇರೆ ಬೇರೆಯಾಗಿ ದಾಖಲಾಗಿದೆ. ಮೂರೂ ತಪ್ಪಲ್ಲ, ವ್ಯಾಪ್ತಿ ಬೇರೆ. ಪತ್ರಿಕಾ ಕಚೇರಿ ಮತ್ತು ಅದರ ಆಸುಪಾಸಿನಲ್ಲಿ ಅಂದು ಹತರಾದವರು 12. ಇದಕ್ಕೆ ನಂಟಿದ್ದ ದಾಳಿಗಳಲ್ಲಿ, ಮರುದಿನ ಪ್ಯಾರಿಸ್ಸಿನ ಪಕ್ಕದ ಮೊಂರೂಜ್‌ನಲ್ಲಿ ಕೊಲೆಯಾದ ಪೊಲೀಸ್ ಸಿಬ್ಬಂದಿ, 9ರಂದು ಯಹೂದಿ ದಿನಸಿ ಮಳಿಗೆಯಲ್ಲಿ ಹತರಾದ ನಾಲ್ವರು ಸೇರಿ 17. ಪೊಲೀಸರ ಗುಂಡಿಗೆ ಸತ್ತ ಮೂವರು ದಾಳಿಕೋರರನ್ನೂ ಕೂಡಿಸಿದರೆ 20.

2. '12 ಪತ್ರಕರ್ತರ ಹತ್ಯೆ' ಎಂಬ ರೂಢಿಯ ಮಾತು ಮಾತ್ರ ನಿಲ್ಲುವುದಿಲ್ಲ. ಪತ್ರಿಕೆಯ ಬಳಗದವರು 8 ಮಂದಿ. ಅವರಲ್ಲಿ ಕಾಬ್ಯು, ಶಾರ್ಬ್, ಒನೊರೆ, ತಿನ್ಯೂಸ್, ವೊಲಿನ್‌ಸ್ಕಿ ವ್ಯಂಗ್ಯಚಿತ್ರಕಾರರು. ಬೆರ್ನಾರ್ ಮಾರಿಸ್ ಅರ್ಥಶಾಸ್ತ್ರಜ್ಞ. ಎಲ್ಸಾ ಕಾಯಾ ಅಂಕಣ ಬರೆಯುತ್ತಿದ್ದ ಮನೋವಿಶ್ಲೇಷಕಿ. ಅಲ್ಜೀರಿಯದಲ್ಲಿ ಹುಟ್ಟಿದ ಮುಸ್ತಫಾ ಉರಾದ್ ಕರಡು ತಿದ್ದುವವರು. ಉಳಿದ ನಾಲ್ವರು: ಸಂಪಾದಕೀಯ ಸಭೆಗೆ ಬಂದಿದ್ದ ಅತಿಥಿ, ಕಟ್ಟಡದ ನಿರ್ವಹಣೆಗೆಂದು ಬಂದಿದ್ದ ಕೆಲಸಗಾರ, ಸಂಪಾದಕ ಶಾರ್ಬ್ ಅವರ ಅಂಗರಕ್ಷಕ, ಬೀದಿಯಲ್ಲಿ ಗುಂಡೇಟು ತಿಂದ ಪೊಲೀಸ್ ಅಹ್ಮದ್ ಮೆರಾಬೆ. ಮುಸ್ಲಿಂ ಹಿನ್ನೆಲೆಯ ಉರಾದ್ ಮತ್ತು ಮೆರಾಬೆ ಹೆಸರುಗಳು ಪಟ್ಟಿಯಲ್ಲಿರುವಾಗ ಘಟನೆಯನ್ನು ಎರಡು ಸಮುದಾಯಗಳ ಕಾದಾಟವೆಂದು ಓದುವುದು ಕಷ್ಟ. ಈ ಟಿಪ್ಪಣಿಯ ಮಟ್ಟಿಗೆ ಅದಕ್ಕಿಂತ ಹೆಚ್ಚಿನದನ್ನು ಹೇಳಲು ಆಧಾರ ಸಾಲದು.

3. 2011ರಲ್ಲಿ ಸುಟ್ಟ ಕಚೇರಿಯೇ 2015ರಲ್ಲಿ ದಾಳಿಗೊಳಗಾಯಿತೆಂಬ ಗ್ರಹಿಕೆಯೂ ಇದೆ. ಮೊದಲನೆಯದು 20ನೇ ವಿಭಾಗದ ಬುಲ್ವಾರ್ ದಾವೂ, ಎರಡನೆಯದು 11ನೇ ವಿಭಾಗದ ರ‍್ಯೂ ನಿಕೊಲಾ-ಅಪೆರ್, ನಂ. 10. ಪತ್ರಿಕೆಯ 'ಶರಿಯಾ ಎಬ್ದೊ' ಎಂಬ ಸಂಚಿಕೆ ಓದಿ ಕೆರಳಿದವರು 2011ರಲ್ಲಿ ಬೆಂಕಿ ಹಚ್ಚಿದರೆಂಬ ವಿವರಣೆಗೂ ಸಣ್ಣ ತಿದ್ದುಪಡಿ ಬೇಕು. ಪೆಟ್ರೋಲ್ ಬಾಂಬ್ ಬಿದ್ದದ್ದು 2011ರ ನವೆಂಬರ್ 2ರ ನಸುಕಿನಲ್ಲಿ. ಸಂಚಿಕೆ ಮಾರಾಟಕ್ಕೆ ಬರಬೇಕಿದ್ದದ್ದು ಅದೇ ದಿನ. ಮುಖಪುಟ ಮೊದಲೇ ಪ್ರಚಾರದಲ್ಲಿತ್ತು. ಆದ್ದರಿಂದ ಪ್ರಚೋದನೆ ಆ ಮುಖಪುಟವೇ ಆಗಿರುವ ಸಂಭವ ಹೆಚ್ಚು, ಒಳಪುಟಗಳಲ್ಲ.

4. 2015ರ ದಾಳಿಕೋರರು ವಿಳಾಸ ತಪ್ಪಿ ಮೊದಲು ನುಗ್ಗಿದ್ದು ನಿಕೊಲಾ-ಅಪೆರ್ ಬೀದಿಯ ನಂ. 6ಕ್ಕೆ. ಐದು ವರ್ಷಗಳ ನಂತರ, 2020ರ ಸೆಪ್ಟೆಂಬರ್ 2ರಂದು ಆರಂಭವಾದ, ಆ ದಾಳಿಗಳ ಕುರಿತ ನ್ಯಾಯಾಲಯದ ವಿಚಾರಣೆ ನಡೆಯುತ್ತಿರುವಾಗಲೇ, ಅದೇ ತಿಂಗಳ 25ರಂದು ಒಬ್ಬ ಮಚ್ಚು ಹಿಡಿದು ನಂ. 10ರ ಮುಂದೆ ಬಂದ. ಪತ್ರಿಕೆ ಅಲ್ಲಿಂದ ಎಂದೋ ಸ್ಥಳಾಂತರಗೊಂಡಿತ್ತು. ಗಾಯಗೊಂಡ ಇಬ್ಬರು ಒಂದು ಟಿವಿ ಸುದ್ದಿ ನಿರ್ಮಾಣ ಸಂಸ್ಥೆಯ ನೌಕರರು. ಪತ್ರಿಕೆಯ ಸಿಬ್ಬಂದಿಯನ್ನಷ್ಟೇ ಎಣಿಸುವ ಯಾವ ಪಟ್ಟಿಯಲ್ಲೂ ಇವರು ಬರುವುದಿಲ್ಲ.