ಬಾಯಲ್ಲಿ ಬೆಲ್ಲ

ಬಾಯಲ್ಲಿ ಬೆಲ್ಲ, ಕರುಳು ಕತ್ತರಿ ಎಂಬ ಗಾದೆ ನಮ್ಮಲ್ಲಿ ಹಳೆಯದು. ಆದರೆ ಆ ಬೆಲ್ಲದ ಸವಿಯಲ್ಲಿಯೇ ಕತ್ತರಿಯ ಅಲಗು ಓದುಗನಿಗೆ ತಾಗುವಂತೆ ಬರೆಯುವುದನ್ನು ಕಲಿಯಲು ಕನ್ನಡ ಕಾದಂಬರಿಗೆ ಬಹುಕಾಲ ಹಿಡಿಯಿತು.

ಆರಂಭದ ದಿನಗಳಲ್ಲಿ ನಮ್ಮ ಕಾದಂಬರಿಕಾರರು ಕೆಟ್ಟವನನ್ನು ಬೆರಳು ಮಾಡಿ ತೋರಿಸುತ್ತಿದ್ದರು. 1899ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ಗೆ ‘ಸದ್ಧರ್ಮ ವಿಜಯ’ವೆಂಬ ಇನ್ನೊಂದು ಹೆಸರೂ ಉಂಟು; ಕಥೆ ಓದುವ ಮೊದಲೇ ತೀರ್ಪು ಸಿದ್ಧವಾಗಿದೆ. 1905ರಲ್ಲಿ ಬಂದ ಬೋಳಾರ ಬಾಬುರಾಯರ ‘ವಾಗ್ದೇವಿ’ಯಲ್ಲಿ ಹೆಣ್ಣಿನ ಮೋಹಕ್ಕೆ ಸಿಲುಕುವ ಮಠಾಧಿಪತಿಯ ಹೆಸರೇ ಚಂಚಲನೇತ್ರ. ಹೆಸರೇ ಚಾಡಿ ಹೇಳುವಾಗ ಪಾತ್ರ ಬಾಯಿ ತೆರೆಯುವ ಅಗತ್ಯವಾದರೂ ಏನು?

ಈ ಕ್ರಮ ಎಷ್ಟು ಬದಲಾಯಿತೆಂಬುದನ್ನು ತೋರಿಸಲು ನಾನು ವಿದ್ಯಾರ್ಥಿಗಳ ಮುಂದೆ ಯಶವಂತ ಚಿತ್ತಾಲರ ‘ಶಿಕಾರಿ’ಯನ್ನು ಇಡುತ್ತೇನೆ. 1928ರಲ್ಲಿ ಕುಮಟೆಯ ಕಡೆಯ ಹನೇಹಳ್ಳಿಯಲ್ಲಿ ಹುಟ್ಟಿ, ಮುಂಬಯಿಯ ರಾಸಾಯನಿಕ ಉದ್ಯಮದಲ್ಲಿ ದುಡಿದು, 2014ರಲ್ಲಿ ತೀರಿಕೊಂಡ ಚಿತ್ತಾಲರ ಈ ಕಾದಂಬರಿ 1979ರಲ್ಲಿ ಪ್ರಕಟವಾಯಿತು. ಅದರ ನಾಯಕ ನಾಗಪ್ಪ ಮುಂಬಯಿಯ ಕಂಪನಿಯೊಂದರ ಅಧಿಕಾರಿ. ಕಾರಣವೇನೆಂದು ಸ್ಪಷ್ಟವಾಗಿ ತಿಳಿಸದೆ ಅವನನ್ನು ಕೆಲಸದಿಂದ ದೂರವಿಡುತ್ತಾರೆ. ಅವನ ಸುತ್ತ ಬಲೆ ಬೀಸಿದವರಲ್ಲಿ ಮೇಲಧಿಕಾರಿ ಫಿರೋಜನೂ ಇದ್ದಾನೆ, ಬಾಲ್ಯದಿಂದ ಬಲ್ಲ ಊರಿನ ಶ್ರೀನಿವಾಸನೂ ಇದ್ದಾನೆ.

ಇಲ್ಲಿ ತುಸು ಇತಿಹಾಸವನ್ನು ನೆನೆಯತಕ್ಕದ್ದು. 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದ ಉತ್ತರ ಕನ್ನಡ ಜಿಲ್ಲೆ 1956ರವರೆಗೂ ಆ ಆಡಳಿತದಲ್ಲೇ ಇತ್ತು. ಘಟ್ಟದ ಮೇಲಿನ ಹತ್ತಿ ಕುಮಟೆಯ ಬಂದರಿನಲ್ಲಿ ಹಡಗೇರುತ್ತಿತ್ತು. ನಾಲ್ಕಕ್ಷರ ಕಲಿತ ಹುಡುಗರೂ ಮುಂಬಯಿಯ ದಾರಿ ಹಿಡಿದರು. ಭಟ್ಕಳದ ಮನೆಗಳಲ್ಲಿ ನವಾಯತಿ, ಹೊನ್ನಾವರ ಕುಮಟೆಗಳ ಎಷ್ಟೋ ಮನೆಗಳಲ್ಲಿ ಕೊಂಕಣಿ, ಪೇಟೆಯಲ್ಲೂ ಶಾಲೆಯಲ್ಲೂ ಕನ್ನಡ, ಮುಂಬಯಿಯ ಕಚೇರಿಯಲ್ಲಿ ಇಂಗ್ಲಿಷು. ಇಂಥ ಸೀಮೆಯವನಿಗೆ ಮಾತಿನಿಂದ ಮಾತಿಗೆ ಹೊರಳುವುದು ಸಹಜ. ಆದ್ದರಿಂದಲೇ, ಒಬ್ಬನು ಲಾಭಕ್ಕಾಗಿ ಹೊರಳಿದಾಗ ಅವನ ಕಿವಿ ತಟ್ಟನೆ ನಿಮಿರುತ್ತದೆ.

ಚಿತ್ತಾಲರಲ್ಲಿದ್ದದ್ದು ಅಂಥ ಕಿವಿ. ಕಚೇರಿಯ ಭಾಷೆ ಅಚ್ಚುಕಟ್ಟಾದುದು. ಅದರಲ್ಲಿ ಕೆಲಸವಿರುತ್ತದೆ, ಮಾಡಿದವನಿರುವುದಿಲ್ಲ. ‘ತೀರ್ಮಾನಿಸಲಾಗಿದೆ’ ಎಂಬ ನಮ್ಮ ಸರಕಾರಿ ಕನ್ನಡವನ್ನೇ ನೋಡಿ. ತೀರ್ಮಾನಿಸಿದ ಮಹಾಶಯನೆಲ್ಲಿ? ವ್ಯಾಕರಣದ ಮರೆಯಲ್ಲಿ ಕುಳಿತಿದ್ದಾನೆ. ಶ್ರೀನಿವಾಸನ ಆಯುಧ ಬೇರೆ: ಸಲಿಗೆ. ಊರಿನ ನೆನಪು, ಹಳೆಯ ಪರಿಚಯ, ನಾಗಪ್ಪನ ಮನೆತನದ ನೋವು, ಇವೆಲ್ಲ ಅವನಿಗೆ ವ್ಯಾಪಾರದ ಬಂಡವಾಳ. ಆಡುವ ಮಾತು ಆತ್ಮೀಯವಾದದ್ದೇ. ಅದನ್ನು ಯಾವ ಕೆಲಸಕ್ಕೆ ಹಚ್ಚುತ್ತಾನೆಂಬುದರಲ್ಲಿ ಅವನ ಕೇಡು ಬಯಲಾಗುತ್ತದೆ.

ಒಮ್ಮೆ ತರಗತಿಯಲ್ಲಿ ಹೊನ್ನಾವರದ ಹುಡುಗಿಯೊಬ್ಬಳು ಕೇಳಿದಳು: “ಸರ್, ನಾವು ಶ್ರೀನಿವಾಸನನ್ನು ಕಾಣುವುದು ನಾಗಪ್ಪನ ಭಯದ ಮೂಲಕವಲ್ಲವೆ? ಭಯಪಟ್ಟವನ ಸಾಕ್ಷ್ಯವನ್ನು ಹೇಗೆ ನಂಬುವುದು?” ಈ ಪ್ರಶ್ನೆ ಕಾದಂಬರಿಯ ಮರ್ಮಕ್ಕೇ ತಾಗುವಂಥದು. ನಾಗಪ್ಪನ ಮನಸ್ಸಿನ ಮಾತೂ ಕಲಕಿಹೋಗಿದೆ. ಸಂಶಯ ಸಂಶಯವನ್ನು ಹೆರುತ್ತದೆ. ಸಹಜವಾದ ನಗುವಿನಲ್ಲಿಯೂ ಅವನು ಸಂಚನ್ನು ಅರಸುತ್ತಾನೆ. ಬೇಟೆಯಾದವನ ಒಳಗೂ ಬೇಟೆಗಾರನ ಭಾಷೆ ಇಳಿಯತೊಡಗುತ್ತದೆ. ಆದರೆ ಒಂದು ಭೇದವುಂಟು. ನಾಗಪ್ಪ ತನ್ನನ್ನೂ ಕಟಕಟೆಯಲ್ಲಿ ನಿಲ್ಲಿಸಿ ಪ್ರಶ್ನಿಸಿಕೊಳ್ಳುತ್ತಾನೆ. ಬಲೆ ಬೀಸಿದವರ ಮಾತಿನಲ್ಲಿ ಆ ಪ್ರಶ್ನೆಗೆ ಎಡೆಯಿಲ್ಲ. ನೈತಿಕ ಅಧಃಪತನದ ಗುರುತನ್ನು ನಾನು ಕಾಣುವುದು ಇಲ್ಲಿಯೇ.

ಚಂಚಲನೇತ್ರನನ್ನು ಓದಿ ನಗುವುದು ಸುಲಭ, ಅವನು ನಾವಲ್ಲ. ಶ್ರೀನಿವಾಸನನ್ನು ಓದುವಾಗ ನಗೆ ಬರುವುದಿಲ್ಲ. ಯಾರದೋ ಅನ್ನ ಕಸಿಯುವ ಕಾಗದದಡಿ ರುಜು ಹಾಕುವಾಗ ನಾವೂ ‘ತೀರ್ಮಾನಿಸಲಾಗಿದೆ’ ಎಂದೇ ಬರೆಯುತ್ತೇವೆ. ‘ನಾನು ತೀರ್ಮಾನಿಸಿದ್ದೇನೆ’ ಎಂದು ಒಮ್ಮೆ ಬರೆದು ನೋಡಬೇಕು. ಆಮೇಲೆ ಕೈ ಎಷ್ಟು ಸರಾಗವಾಗಿ ರುಜು ಹಾಕೀತೆಂಬುದು ತಿಳಿಯುತ್ತದೆ.